ಕರ್ನೆಲ್ ದೋಷಶೋಧನೆ ಮತ್ತು ಕೈಪಿಡಿಯ ಹೊಣೆ

ಗಣಕಯಂತ್ರವನ್ನು ಚಾಲನೆಗೊಳಿಸಿದೊಡನೆ ಅದರ ಸ್ಮೃತಿಯಲ್ಲಿ ನೆಲೆಗೊಂಡು, ಉಳಿದೆಲ್ಲ ಪ್ರೋಗ್ರಾಮುಗಳಿಗೂ ಸ್ಮೃತಿಯನ್ನು, ಸಮಯವನ್ನು, ಸಾಧನಗಳನ್ನು ಹಂಚಿಕೊಡುವ ಭಾಗಕ್ಕೆ ಕರ್ನೆಲ್ ಎಂದು ಹೆಸರು. ಇದು ಆಪರೇಟಿಂಗ್ ಸಿಸ್ಟಂನ ತಿರುಳು. ಸಾಮಾನ್ಯ ಪ್ರೋಗ್ರಾಮಿನಲ್ಲಿ ದೋಷವುಂಟಾದರೆ ಕರ್ನೆಲ್ ಅದನ್ನು ತಡೆದು ನಿಲ್ಲಿಸಿ ಪರೀಕ್ಷೆಗೆ ಒಡ್ಡಬಲ್ಲದು. ಆದರೆ ಕರ್ನೆಲ್ಲೇ ಕೆಟ್ಟು ನಿಂತಾಗ ಅದನ್ನು ಪರೀಕ್ಷಿಸುವವರು ಯಾರು? ತೆರೆ, ಕೀಲಿಮಣೆ, ಡಿಸ್ಕ್, ಜಾಲ ಎಲ್ಲವೂ ಅದರ ಅಧೀನದಲ್ಲಿಯೇ ಇರುವುದರಿಂದ ಅವೂ ಸ್ತಬ್ಧವಾಗುತ್ತವೆ. ವೈದ್ಯನೇ ಮೂರ್ಛೆಹೋದಾಗ ನಾಡಿ ನೋಡಲು ಮತ್ತೊಬ್ಬ ವೈದ್ಯನು ಬರಬೇಕಾಗುವಂತೆ, ಇಲ್ಲಿ ಎರಡನೆಯ ಗಣಕಯಂತ್ರದ ನೆರವು ಬೇಕಾಗುತ್ತದೆ. ಈ ಎರಡು ಯಂತ್ರಗಳನ್ನು ಕೂಡಿಸುವುದು ಒಂದು ಕೇಬಲ್.

ಕೇಬಲ್ಲಿನ ಕಾರ್ಯವಿಧಾನ

ಈ ಕಾರ್ಯಕ್ಕೆ ಬಹುಕಾಲದಿಂದ ಬಳಕೆಯಲ್ಲಿರುವುದು ಸೀರಿಯಲ್ ಕೇಬಲ್. ಇದಕ್ಕೆ ಆಧಾರವಾದ ಆರ್.ಎಸ್.-232 ಎಂಬ ಮಾನಕವು 1960ರಷ್ಟು ಹಿಂದೆಯೇ ಪ್ರಕಟವಾಯಿತು. ಇಷ್ಟು ಹಳೆಯ ಸಾಧನವನ್ನು ಇಂದಿಗೂ ಆಶ್ರಯಿಸುವುದಕ್ಕೆ ಕಾರಣವೆಂದರೆ ಅದರ ಸರಳತೆ. ಒಂದು ಅಕ್ಷರವನ್ನು ಕಳುಹಿಸಲು ಅಥವಾ ಬರಮಾಡಿಕೊಳ್ಳಲು ಕೆಲವೇ ಆದೇಶಗಳು ಸಾಕು. ಕರ್ನೆಲ್ಲಿನ ಉಳಿದ ಭಾಗಗಳೆಲ್ಲ ನಿಂತಿದ್ದರೂ ಅಷ್ಟು ಕೆಲಸ ನಡೆಯುತ್ತದೆ. ಒಂದು ಯಂತ್ರದ ಕಳುಹಿಸುವ ತಂತಿಯು ಮತ್ತೊಂದರ ಸ್ವೀಕರಿಸುವ ತಂತಿಗೆ ಸೇರುವಂತೆ ಅಡ್ಡಹಾಯಿಸಿದ ಕೇಬಲ್ಲಿಗೆ ನಲ್ ಮೋಡೆಮ್ ಕೇಬಲ್ ಎನ್ನುತ್ತಾರೆ. ಸೆಕೆಂಡಿಗೆ 1,15,200 ಬಿಟ್‌ಗಳ ವೇಗದಲ್ಲಿ, ಪ್ರತಿ ಅಕ್ಷರಕ್ಕೆ ಆದಿ ಮತ್ತು ಅಂತ್ಯದ ಸೂಚನೆಗಳೂ ಸೇರಿ 10 ಬಿಟ್‌ಗಳಾಗುವುದರಿಂದ, ಸೆಕೆಂಡಿಗೆ 11,520 ಅಕ್ಷರಗಳು ಸಾಗುತ್ತವೆ. ದೋಷಶೋಧನೆಗೆ ಇಷ್ಟು ಧಾರಾಳವಾಗಿ ಸಾಕು.

ಪರೀಕ್ಷಿಸುವ ಯಂತ್ರದಲ್ಲಿ ಜಿ.ಡಿ.ಬಿ. ಎಂಬ ಡೀಬಗರ್ ಇರುತ್ತದೆ. ಇದನ್ನು 1986ರಲ್ಲಿ ರಿಚರ್ಡ್ ಸ್ಟಾಲ್ಮನ್ ರಚಿಸಿದರು. ಇದು ಕಳುಹಿಸುವ ಪ್ರತಿಯೊಂದು ಸಂದೇಶವೂ ಡಾಲರ್ ಚಿಹ್ನೆಯಿಂದ ಆರಂಭವಾಗಿ, ಕೊನೆಯಲ್ಲಿ ಎರಡಂಕಿಯ ತಾಳೆಮೊತ್ತವನ್ನು ಹೊಂದಿರುತ್ತದೆ. ಮೊತ್ತವು ತಾಳೆಯಾದರೆ ಎದುರಿನ ಯಂತ್ರವು ಕೂಡು ಚಿಹ್ನೆಯನ್ನೂ, ಆಗದಿದ್ದರೆ ಕಳೆ ಚಿಹ್ನೆಯನ್ನೂ ಮರಳಿಸುತ್ತದೆ. ಕಳೆ ಚಿಹ್ನೆ ಬಂದಾಗ ಸಂದೇಶವನ್ನು ಮತ್ತೆ ಕಳುಹಿಸಲಾಗುವುದು.

ಲಿನಕ್ಸ್ ಕರ್ನೆಲ್ಲಿನ ನಿದರ್ಶನ

1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿಯಾಗಿದ್ದ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಕರ್ನೆಲ್ಲಿನಲ್ಲಿ ಈ ಸೌಲಭ್ಯವು ತಡವಾಗಿ ನೆಲೆಗೊಂಡಿತು. ಡೀಬಗರ್ ಸುಲಭವಾಗಿ ದೊರೆತರೆ ಜನರು ಮೂಲವನ್ನು ಆಳವಾಗಿ ಓದುವುದನ್ನು ಬಿಟ್ಟು, ಮೇಲ್ನೋಟದ ಪರಿಹಾರಗಳಿಗೆ ತೃಪ್ತರಾಗುತ್ತಾರೆಂಬುದು ಟೋರ್ವಾಲ್ಡ್ಸರ ಬಹುಕಾಲದ ಆಕ್ಷೇಪಣೆಯಾಗಿತ್ತು. ಕಡೆಗೆ 2008ರಲ್ಲಿ, 2.6.26ನೆಯ ಆವೃತ್ತಿಯಲ್ಲಿ, ಕೆ.ಜಿ.ಡಿ.ಬಿ. ಎಂಬ ಅಂಗವು ಮುಖ್ಯ ಕರ್ನೆಲ್ಲಿಗೆ ಸೇರ್ಪಡೆಯಾಯಿತು. 2010ರಲ್ಲಿ ಕೆ.ಡಿ.ಬಿ. ಎಂಬ ಮತ್ತೊಂದು ಮುಖವೂ ಕೂಡಿಕೊಂಡಿತು. ಸೌಲಭ್ಯವೇನೋ ಬಂದಿತು, ಆದರೆ ಅದನ್ನು ಬಳಸುವ ಬಗೆಯನ್ನು ತಿಳಿಸುವ ಕೈಪಿಡಿಯು ಸಮರ್ಪಕವಾಗಿಲ್ಲದಿದ್ದರೆ ಸೌಲಭ್ಯವಿದ್ದೂ ಇಲ್ಲದಂತೆ.

ಇದಕ್ಕೆ ಮೂರು ಉದಾಹರಣೆಗಳನ್ನು ಗಮನಿಸಬಹುದು. ಮೊದಲನೆಯದು, ಆರಂಭದ ಆಯ್ಕೆಗಳ ಕ್ರಮ. ಯಾವ ಪೋರ್ಟಿನ ಮೂಲಕ ಸಂಪರ್ಕವೆಂಬುದನ್ನು ತಿಳಿಸುವ ಆಯ್ಕೆಯು ಮೊದಲು ಬಂದು, ಡೀಬಗರಿಗಾಗಿ ಕಾಯಬೇಕೆಂಬ ಆಯ್ಕೆಯು ಅನಂತರ ಬರಬೇಕು. ಕ್ರಮ ತಪ್ಪುವುದು ಒಂದು ಪದದ ಅದಲುಬದಲು ಮಾತ್ರ. ಆದರೂ ಕೈಪಿಡಿಯಲ್ಲಿ ಈ ಮಾತು ಇರದಿದ್ದರೆ ಹೊಸಬನಿಗೆ ದೋಷವು ಕೇಬಲ್ಲಿನದೋ ತನ್ನದೋ ತಿಳಿಯದು.

ಎರಡನೆಯದು, ಓಡುತ್ತಿರುವ ಕರ್ನೆಲ್ಲನ್ನು ತಡೆಯುವ ಬಗೆ. ಜಿ.ಡಿ.ಬಿ.ಯಲ್ಲಿ ಕುಳಿತು ನಿಲ್ಲಿಸುವ ಕೀಲಿಯನ್ನು ಒತ್ತಿದರೆ ಸಾಮಾನ್ಯ ಪ್ರೋಗ್ರಾಮು ನಿಲ್ಲುವುದು. ಆದರೆ ಸೀರಿಯಲ್ ಪೋರ್ಟಿನ ಈ ವ್ಯವಸ್ಥೆಯಲ್ಲಿ, ನಡುವೆ ಬೇರೊಂದು ಮಧ್ಯವರ್ತಿ ಪ್ರೋಗ್ರಾಮು ಇಲ್ಲದಿದ್ದರೆ, ಪರೀಕ್ಷೆಗೊಳಗಾದ ಯಂತ್ರಕ್ಕೆ ವಿಶೇಷ ಕೀಲಿಯ ಸೂಚನೆಯನ್ನು ಪ್ರತ್ಯೇಕವಾಗಿ ಕೊಡಲೇಬೇಕು. ಕೈಪಿಡಿಯು ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಆ ಒಂದು ವಾಕ್ಯವು ಎಷ್ಟೋ ಗಂಟೆಗಳ ಬಳಲಿಕೆಯನ್ನು ಉಳಿಸುತ್ತದೆ.

ಮೂರನೆಯದು ಕಾಲಧರ್ಮಕ್ಕೆ ಸಂಬಂಧಿಸಿದ್ದು. ಆಕ್ರಮಣಕಾರರಿಗೆ ನೆಲೆ ತಿಳಿಯದಿರಲೆಂದು ಪ್ರತಿ ಚಾಲನೆಯಲ್ಲಿಯೂ ಕರ್ನೆಲ್ಲನ್ನು ಸ್ಮೃತಿಯ ಬೇರೆ ಬೇರೆ ಸ್ಥಳದಲ್ಲಿರಿಸುವ ಪದ್ಧತಿಯು 2017ರ 4.12ನೆಯ ಆವೃತ್ತಿಯಿಂದ ಎಕ್ಸ್86 ಯಂತ್ರಗಳಲ್ಲಿ ಸಹಜವಾಗಿಯೇ ಜಾರಿಗೆ ಬಂದಿತು. ಡೀಬಗರಿನ ಬಳಿಯಿರುವ ವಿಳಾಸಗಳ ಪಟ್ಟಿಯಾದರೋ ಹಿಂದಿನ ಸ್ಥಿರ ನೆಲೆಯನ್ನೇ ನಂಬಿರುತ್ತದೆ. ಆದುದರಿಂದ ಹಿಂದೆ ಚಾಚೂ ತಪ್ಪದೆ ಸರಿಯಾಗಿದ್ದ ಸೂಚನೆಗಳೇ ಅನಂತರ ದಾರಿತಪ್ಪಿಸತೊಡಗಿದವು. ದೋಷಶೋಧನೆಯ ಕಾಲದಲ್ಲಿ ಈ ಪದ್ಧತಿಯನ್ನು ನಿಲ್ಲಿಸಿಕೊಳ್ಳಬೇಕೆಂಬ ಮಾತನ್ನು ಕೈಪಿಡಿಗೆ ಸೇರಿಸಬೇಕಾಯಿತು. ಕೈಪಿಡಿಯಲ್ಲಿ ಒಂದಕ್ಷರವೂ ಬದಲಾಗದೆ ಕೈಪಿಡಿಯು ಸುಳ್ಳಾಗಬಲ್ಲದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಉತ್ತಮ ಕೈಪಿಡಿಯ ಲಕ್ಷಣಗಳು

ಮೇಲಿನ ನಿದರ್ಶನಗಳಿಂದ ಕೆಲವು ನಿಯಮಗಳನ್ನು ಸಂಗ್ರಹಿಸಬಹುದು.

1. ಪ್ರತಿಯೊಂದು ಹೆಜ್ಜೆಯೂ ಯಾವ ಯಂತ್ರದಲ್ಲಿ ಎಂಬುದನ್ನು ಹೇಳಬೇಕು. ಎರಡು ಯಂತ್ರಗಳಿರುವೆಡೆ ಬರಿಯ ‘ಈ ಆದೇಶವನ್ನು ಕೊಡಿ’ ಎಂಬ ಮಾತು ಗೊಂದಲಕ್ಕೆ ಮೂಲ.

2. ಪ್ರತಿ ಹೆಜ್ಜೆಗೂ ಒಂದು ಪರೀಕ್ಷೆಯಿರಬೇಕು. ಡೀಬಗರನ್ನು ತೆರೆಯುವ ಮೊದಲು ಎರಡು ಕಡೆಗಳಿಂದಲೂ ಕೆಲವು ಅಕ್ಷರಗಳನ್ನು ಕಳುಹಿಸಿ ನೋಡಿದರೆ ಕೇಬಲ್ಲಿನ ಸಂಶಯವು ಅಲ್ಲಿಗೇ ಪರಿಹಾರವಾಗುತ್ತದೆ.

3. ಲಕ್ಷಣದಿಂದ ಕಾರಣಕ್ಕೆ ದಾರಿ ತೋರಬೇಕು. ಅರ್ಥವಿಲ್ಲದ ಚಿಹ್ನೆಗಳು ಬಂದರೆ ಎರಡು ಕಡೆಯ ವೇಗಗಳನ್ನು ಹೋಲಿಸಬೇಕು; ಡೀಬಗರ್ ತೋರುವ ಸಾಲುಗಳಿಗೂ ಯಂತ್ರದ ನಡೆಗೂ ಹೊಂದಿಕೆಯಿಲ್ಲದಿದ್ದರೆ, ಪರೀಕ್ಷಕರ ಬಳಿಯ ಕರ್ನೆಲ್ ಕಡತವು ಓಡುತ್ತಿರುವ ಕರ್ನೆಲ್ಲಿನದೇ ಹೌದೇ ಎಂದು ನೋಡಬೇಕು.

4. ಯಾವ ಆವೃತ್ತಿಗೆ ಅನ್ವಯವೆಂಬುದನ್ನು ನಮೂದಿಸಬೇಕು.

5. ವಿಷಯವನ್ನರಿಯದ ಒಬ್ಬರಿಂದ ಕೈಪಿಡಿಯನ್ನು ಓದಿಸಿ, ಅವರು ಎಲ್ಲಿ ತಡವರಿಸುತ್ತಾರೆಂಬುದನ್ನು ಗುರುತಿಸಬೇಕು. ಬಲ್ಲವನ ಕಣ್ಣಿಗೆ ಬಿಟ್ಟುಹೋದ ಹೆಜ್ಜೆಯು ಕಾಣುವುದಿಲ್ಲ.

ನುಡಿಯೂ ನಡೆಯೂ

ನುಡಿಗೂ ನಡೆಗೂ ಅಂತರವಿರಬಾರದೆಂಬುದು ಶರಣರ ಜೀವನದೃಷ್ಟಿಯ ಸಾರಾಂಶ. ಯಂತ್ರಲೋಕದಲ್ಲಿ ಕೈಪಿಡಿಯು ನುಡಿ, ಕರ್ನೆಲ್ಲಿನ ವರ್ತನೆಯು ನಡೆ. ಇವೆರಡರ ನಡುವೆ ಬಿರುಕು ಬಿಟ್ಟಾಗ ಅದನ್ನು ಕಂಡವರು ಸುಮ್ಮನಿರದೆ ತಿದ್ದುವುದು ಕಾಯಕ. ತಿದ್ದಿದ್ದನ್ನು ಸರ್ವರಿಗೂ ಒದಗಿಸುವುದು ಜ್ಞಾನದಾಸೋಹ. ಲಿನಕ್ಸ್ ಕರ್ನೆಲ್ಲಿನ ಕೈಪಿಡಿಗಳು ಮೂಲದೊಡನೆಯೇ ಇರುತ್ತವೆ. ಅವುಗಳನ್ನು ಯಾರಾದರೂ ಓದಬಹುದು, ತಿದ್ದುಪಡಿಯನ್ನು ಸೂಚಿಸಬಹುದು. 2016ರಿಂದ ಅವುಗಳನ್ನು ಸರಳ ಲಿಪಿರೂಪಕ್ಕೆ ತರುವ ಕಾರ್ಯವೂ ನಡೆದುದರಿಂದ ತಿದ್ದುವುದು ಮೊದಲಿಗಿಂತ ಸುಲಭವಾಗಿದೆ. ಅಂಗೀಕೃತವಾದ ಒಂದು ಸಾಲಿನ ತಿದ್ದುಪಡಿಯೊಡನೆಯೂ ಕಳುಹಿಸಿದವರ ಹೆಸರು ದಾಖಲೆಯಲ್ಲಿ ಉಳಿಯುತ್ತದೆ.

ಶಾಲಾ ಕಾಲೇಜುಗಳಿಗೆ ಇದರಲ್ಲಿ ಒಂದು ಸದವಕಾಶವಿದೆ. ಸೀರಿಯಲ್ ಪೋರ್ಟುಳ್ಳ ಎರಡು ಹಳೆಯ ಗಣಕಯಂತ್ರಗಳು, ಒಂದು ಕೇಬಲ್, ಆಸಕ್ತಿಯುಳ್ಳ ಒಬ್ಬ ಉಪಾಧ್ಯಾಯರು: ಇಷ್ಟಿದ್ದರೆ ಪ್ರಯೋಗವನ್ನು ಆರಂಭಿಸಬಹುದು. ಕಚೇರಿಗಳಲ್ಲಿ ಮೂಲೆಗೆ ಸರಿದ ಯಂತ್ರಗಳೇ ಇಲ್ಲಿ ಉತ್ತಮ ದಾನವಾಗುತ್ತವೆ. ವಿದ್ಯಾರ್ಥಿಯು ಕೈಪಿಡಿಯನ್ನು ಹಿಡಿದು ಹೆಜ್ಜೆಹೆಜ್ಜೆಯಾಗಿ ನಡೆದು, ಎಡವಿದ ಸ್ಥಳವನ್ನು ಬರೆದಿಟ್ಟು, ಅನುಮಾನ ಪರಿಹಾರವಾದ ಬಳಿಕ ಆ ವಾಕ್ಯವನ್ನು ತಿದ್ದಿ ಕಳುಹಿಸಲಿ. ಇಟಾಲಿಯನ್, ಜಪಾನಿ, ಕೊರಿಯನ್, ಸ್ಪ್ಯಾನಿಷ್, ಚೀನೀ ಭಾಷೆಗಳಲ್ಲಿ ಈ ಕೈಪಿಡಿಗಳ ಕೆಲವು ಭಾಗಗಳು ಈಗಾಗಲೇ ಅನುವಾದಗೊಂಡಿವೆ. ಕನ್ನಡವೂ ಆ ಪಂಕ್ತಿಯಲ್ಲಿ ಕುಳಿತುಕೊಳ್ಳಬೇಕಾದರೆ, ಕನ್ನಡದ ಮಕ್ಕಳು ಕೈಪಿಡಿಯನ್ನು ಓದುವವರಷ್ಟೇ ಅಲ್ಲದೆ ಬರೆಯುವವರೂ ಆಗಬೇಕು.