ಒರಟು ಉತ್ತರ, ಒಡೆದ ರಾಜ್ಯ
ವಾಕ್ಯಭಾಗ: 1 ಅರಸುಗಳು 12:1-16

ನಿಮ್ಮಲ್ಲಿ ಅನೇಕರು ಕೆಲಸಕ್ಕೆ ಮೈಸೂರು, ಬೆಂಗಳೂರಲ್ಲಿದ್ದೀರಿ. ವೋಟು ಮಾತ್ರ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯಲ್ಲಿದೆ. ಎಲೆಕ್ಷನ್ ಬಂದಾಗ, "ಯಾಕೆ ಪಾಸ್ಟರ್ ಹೋಗ್ಬೇಕು? ಎಲ್ಲರೂ ಬೈದಾಡೋರೇ" ಅಂತೀರಿ. ಈ ಬೇಸರ ಎಲ್ಲಿಂದ ಹುಟ್ಟುತ್ತೆ ಅಂತ ಇವತ್ತು ಧ್ಯಾನಿಸೋಣ. ಯಾವ ಪಕ್ಷಕ್ಕೂ ವೋಟು ಹಾಕಿ ಅಂತ ನಾನು ಹೇಳ್ತಿಲ್ಲ.

1. ದನಿ ಜನರನ್ನು ದೂರ ಮಾಡುತ್ತದೆ

ಸೊಲೊಮೋನನ ಮಗ ರೆಹಬ್ಬಾಮನ ಹತ್ತಿರ ಜನ ಬಂದು, ನಮ್ಮ ಭಾರ ಹಗುರ ಮಾಡು ಅಂತ ಬೇಡಿಕೊಂಡರು. ಹಿರಿಯರು ಒಳ್ಳೇ ಮಾತಾಡು ಅಂದರು. ಜೊತೆಗೆ ಬೆಳೆದ ಗೆಳೆಯರು ಗದರಿಸು ಅಂದರು. ಅವನು ಗೆಳೆಯರ ಮಾತು ಕೇಳಿದ. ಜನ ಏನು ಮಾಡಿದರು? ನಮಗೂ ಈ ಮನೆತನಕ್ಕೂ ಸಂಬಂಧವಿಲ್ಲ ಅಂತ ಎದ್ದು ಹೋದರು. ನಿಮ್ಮ "ಯಾಕೆ ಹೋಗ್ಬೇಕು" ಅನ್ನೋ ಮಾತೂ ಅದೇ ಅಲ್ವಾ?

2. ನಮ್ಮ ಕಡೆಯೂ ನಡೆದಿದೆ

ಲೋಕಸಭೆಗೆ ಹುಣಸೂರು, ಪಿರಿಯಾಪಟ್ಟಣ ಮೈಸೂರು ಕ್ಷೇತ್ರಕ್ಕೆ, ಕೋಟೆ ಚಾಮರಾಜನಗರಕ್ಕೆ, ಕೆ.ಆರ್. ನಗರ ಮಂಡ್ಯಕ್ಕೆ ಸೇರುತ್ತವೆ. ಅಂಬರೀಶ್ ತೀರಿಕೊಂಡದ್ದು 2018ರ ನವೆಂಬರ್ 24ರಂದು. 2019ರ ಮಾರ್ಚ್‌ನಲ್ಲಿ ಸುಮಲತಾ ಮಂಡ್ಯದಿಂದ ನಿಲ್ಲೋಕೆ ಹೊರಟಾಗ, ಆಗಿನ ಸಚಿವ ಎಚ್.ಡಿ. ರೇವಣ್ಣ, ಗಂಡ ಹೋಗಿ ಹೆಚ್ಚು ದಿನವಾಗಿಲ್ಲ, ಆಗಲೇ ರಾಜಕೀಯ ಬೇಕಿತ್ತಾ ಅನ್ನೋ ಅರ್ಥದಲ್ಲಿ ಮಾತಾಡಿದರು. ತುಂಬಾ ಟೀಕೆ ಬಂತು. ಸುಮಲತಾ ಪಕ್ಷೇತರರಾಗಿ 1,25,876 ಮತಗಳ ಅಂತರದಿಂದ ಗೆದ್ದರು. ಸೋತ ನಿಖಿಲ್, ರೇವಣ್ಣನವರ ತಮ್ಮನ ಮಗ. ಆ ಒಂದೇ ಮಾತಿಂದ ಹೀಗಾಯ್ತು ಅಂತ ನಾನು ಹೇಳಲ್ಲ, ಕಾರಣಗಳು ಬೇಕಾದಷ್ಟಿದ್ದವು. ಆದರೆ ದುಃಖದಲ್ಲಿರೋರನ್ನ ಚುಚ್ಚಿದ ಮಾತನ್ನ ಜನ ಬೇಗ ಮರೆಯಲ್ಲ.

3. ನೋಡುವವರಿಗೂ ಪಾಲಿದೆ

ಅಮೆರಿಕದ ಡಯಾನಾ ಮಟ್ಜ್, ಬೈರನ್ ರೀವ್ಸ್ 2005ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಂದೇ ವಾದವನ್ನು ನಟರಿಂದ ಎರಡು ರೀತಿ ಮಾಡಿಸಿದರು, ಒಮ್ಮೆ ಮರ್ಯಾದೆಯಿಂದ, ಒಮ್ಮೆ ಒರಟಾಗಿ. ಒರಟಾದದ್ದನ್ನು ನೋಡಿದವರಿಗೆ ರಾಜಕೀಯದ ಮೇಲಿನ ನಂಬಿಕೆ ಕಮ್ಮಿಯಾಯ್ತು. ಆದರೂ ಅದೇ ಹೆಚ್ಚು ಮಜಾ ಅನ್ನಿಸಿತು! ನಾವು ಬೈಗುಳದ ರೀಲ್ಸ್ ಶೇರ್ ಮಾಡೋದೂ ಹಾಗೇ. ನಗ್ತಾ ನೋಡ್ತೀವಿ, ಆಮೇಲೆ ಎಲ್ಲರೂ ಅಷ್ಟೇ ಅಂತೀವಿ.

4. ಏಕವಚನ ಒಂದೇ ಅಳತೆಯಲ್ಲ

ನಮ್ಮ ಕಡೆ ಅಜ್ಜಿ "ಏನ್ಲಾ ಮಗಾ" ಅಂದ್ರೆ ಅದು ಪ್ರೀತಿ. ಪ್ರಾರ್ಥನೆಯಲ್ಲಿ ದೇವರನ್ನೇ "ನೀನು" ಅಂತೀವಿ. ವೇದಿಕೆಯಲ್ಲಿ ಎದುರಾಳಿಗೆ ಹಾಕೋ "ಅವನ್ಯಾರು" ಬೇರೆ. "ತಾವು" ಅಂತಾನೇ ಅವಮಾನ ಮಾಡೋರೂ ಇದ್ದಾರೆ. ಆದ್ದರಿಂದ ಪದ ಮಾತ್ರ ನೋಡಬೇಡಿ. ಎದುರಿರುವವನನ್ನು ಮನುಷ್ಯ ಅಂತ ಕಾಣ್ತಿದ್ದಾರಾ, ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟರಾ, ಅದನ್ನ ನೋಡಿ. ಸವಿಯಾಗಿ ಮಾತಾಡಿ ಕೆಲಸ ಮಾಡದವರನ್ನೂ ವಿಚಾರಿಸಿ.

ಈ ವಾರ ಮೂರು ಕೆಲಸ ಮಾಡೋಣ. ಬೈಗುಳದ ವಿಡಿಯೋ ಫಾರ್ವರ್ಡ್ ಮಾಡೋದು ಬೇಡ. ಬೇರೆ ಪಕ್ಷದವರ ಬಗ್ಗೆ ಮನೆಯಲ್ಲೂ ಮರ್ಯಾದೆಯಿಂದ ಮಾತಾಡೋಣ. ಮತದಾನದ ದಿನ ಊರಿನ ಬಸ್ ಹತ್ತೋಣ. ರೆಹಬ್ಬಾಮನನ್ನು ಕೆಡಿಸಿದ್ದು ಅವನ ಗೆಳೆಯರ ಸಲಹೆ. ನಮ್ಮ ಗೆಳೆಯರಿಗೆ ನಾವು ಎಂಥಾ ಸಲಹೆ ಕೊಡ್ತೀವಿ?

ಕರ್ತನೇ, ನಮ್ಮನ್ನು ಆಳುವವರ ನಾಲಿಗೆಯನ್ನೂ ನಮ್ಮ ನಾಲಿಗೆಯನ್ನೂ ಕಾಯಿ. ಆಮೆನ್.