ಗುಂಡಿ ಒತ್ತಿದರೆ ಧ್ವನಿ ನಿಲ್ಲುವುದೇಕೆ? ಏಕಫಲಕ ಗಣಕದ ಪಿನ್‌ಗಳ ಪಾಠ

(ಎಂಟು ಮತ್ತು ಒಂಬತ್ತನೆಯ ತರಗತಿಗಳಿಗೆ, ಎರಡು ಅವಧಿ)

ಜಹೀರಾಬಾದ್, ನಾರಾಯಣಖೇಡ್, ತಾಂಡೂರು ಭಾಗದ ಕನ್ನಡ ಮಾಧ್ಯಮದ ತರಗತಿಗಳಲ್ಲಿ ಎಲ್ಲ ಮಕ್ಕಳ ಮನೆಮಾತು ಕನ್ನಡವಲ್ಲ. ಕೆಲವರ ಮನೆಯಲ್ಲಿ ತೆಲುಗು, ತಾಂಡಾದ ಮಕ್ಕಳಲ್ಲಿ ಲಂಬಾಣಿ, ಮತ್ತೆ ಕೆಲವರಲ್ಲಿ ದಖನಿ ಉರ್ದು. ಶಾಲೆ ಬಿಟ್ಟ ಮೇಲೆ ಪಠ್ಯದ ಕನ್ನಡ ಇವರ ಕಿವಿಗೆ ಬೀಳುವ ಅವಕಾಶ ಕಡಿಮೆ. ಆದುದರಿಂದ ಅಧ್ಯಾಪಕರ ಓದನ್ನು ಧ್ವನಿಮುದ್ರಿಸಿ, ಗುಂಡಿ ಒತ್ತಿದಾಗ ಕೇಳಿಸುವಂಥ ಪೆಟ್ಟಿಗೆಯೊಂದು ತರಗತಿಯಲ್ಲಿದ್ದರೆ ಪ್ರಯೋಜನ ಬಹಳ. 2012ರಲ್ಲಿ ಇಂಗ್ಲೆಂಡಿನಿಂದ ಹೊರಬಂದ ರಾಸ್ಪ್‌ಬೆರಿ ಪೈ ಎಂಬ ಏಕಫಲಕ ಗಣಕ, ಅದರ ಮೇಲೆ ಕೂರುವ ಸೌಂಡ್ ಕಾರ್ಡ್, ಒಂದು ಸ್ಪೀಕರ್, ಒಂದು ಗುಂಡಿ – ಇಷ್ಟರಿಂದ ಅದನ್ನು ಕಟ್ಟಬಹುದು. ಆದರೆ ಗುಂಡಿಯೂ ಸೌಂಡ್ ಕಾರ್ಡೂ ಪರಸ್ಪರ ಅಡ್ಡಿಯಾದರೆ ಪೆಟ್ಟಿಗೆ ಮೂಕವಾಗುತ್ತದೆ. ದುರಸ್ತಿಗೆ ಹೈದರಾಬಾದಿಗೆ ಒಯ್ಯುವವರಿಲ್ಲದೆ ಬೀರು ಸೇರಿದ ಉಪಕರಣ ಮತ್ತೆ ಹೊರಬರುವುದು ಅಪರೂಪ.

ಧ್ವನಿಯ ಉಪಕರಣವು ತಂತ್ರಜ್ಞರ ಸೊತ್ತು ಎಂದು ಹಿಂಜರಿಯಬೇಕಾಗಿಲ್ಲ. ಜಹೀರಾಬಾದ್ ಬಳಿಯ ಮಾಚನೂರಿನಲ್ಲಿ 2008ರಿಂದ ಸಂಘಂ ರೇಡಿಯೋ ಕೇಂದ್ರವನ್ನು ನಡೆಸಿದವರು ಹಳ್ಳಿಯ ದಲಿತ ಮಹಿಳೆಯರೇ.

ದೋಷದ ಸ್ವರೂಪವನ್ನು ಮಕ್ಕಳಿಗೆ ಶಾಲೆಯ ಕೊಠಡಿಯಿಂದಲೇ ತಿಳಿಸಬಹುದು. ಒಂದೇ ಕಟ್ಟಡದಲ್ಲಿ ತೆಲುಗು, ಉರ್ದು, ಕನ್ನಡ ಮಾಧ್ಯಮಗಳು ನಡೆಯುವಾಗ ಮೂರನೆಯ ಅವಧಿಗೆ ಒಂದೇ ಕೊಠಡಿಯನ್ನು ಇಬ್ಬರಿಗೆ ಬರೆದುಬಿಟ್ಟರೆ ಏನಾಗುತ್ತದೆ? ಇಬ್ಬರು ಅಧ್ಯಾಪಕರೂ ಸರಿ, ಎರಡು ತರಗತಿಗಳೂ ಸರಿ; ತಪ್ಪಿರುವುದು ವೇಳಾಪಟ್ಟಿ. ಇಲ್ಲಿಯೂ ಹಾಗೆಯೇ. ಗುಂಡಿ ಕೆಟ್ಟಿಲ್ಲ, ಕಾರ್ಡ್ ಕೆಟ್ಟಿಲ್ಲ. ಒಂದೇ ಪಿನ್ನನ್ನು ಎರಡಕ್ಕೂ ಹಂಚಲಾಗಿದೆ.

ಫಲಕದ ಅಂಚಿನಲ್ಲಿ ಎರಡು ಸಾಲುಗಳಲ್ಲಿ 40 ಪಿನ್‌ಗಳಿವೆ. ಪ್ರತಿ ಪಿನ್ನಿಗೂ ಅದು ನಿಂತ ಸ್ಥಾನದ ಸಂಖ್ಯೆ ಒಂದು. ಸಂಕೇತ ಪಿನ್‌ಗಳಿಗೆ ಜಿಪಿಐಒ ಎಂಬ ಇನ್ನೊಂದು ಸಂಖ್ಯೆ. ಗೊಂದಲದ ಮೂಲ ಇಲ್ಲಿಯೇ. ಕಾರ್ಡು ಧ್ವನಿಯ ಅಂಕಿಗಳನ್ನು ಪಡೆಯುವುದು ಜಿಪಿಐಒ 18, 19, 20, 21ರ ಮೂಲಕ. ಇವುಗಳ ಸ್ಥಾನಸಂಖ್ಯೆ ಕ್ರಮವಾಗಿ 12, 35, 38, 40. ಜಿಪಿಐಒ 12 ಖಾಲಿಯಿದೆಯೆಂದು ಓದಿದವರು ಹನ್ನೆರಡನೆಯ ಸ್ಥಾನವನ್ನು ಎಣಿಸಿ ಅಲ್ಲಿ ಗುಂಡಿಯ ತಂತಿ ಸಿಕ್ಕಿಸಿದರೆಂದು ಭಾವಿಸೋಣ. ಆ ತಂತಿ ಸೇರಿದ್ದು ಜಿಪಿಐಒ 18ಕ್ಕೆ, ಅಂದರೆ ಧ್ವನಿಗೆ ತಾಳ ಹಾಕುವ ಪಿನ್ನಿಗೆ. ಗುಂಡಿ ಒತ್ತಿದೊಡನೆ ಆ ತಾಳ ಭೂಸಂಪರ್ಕಕ್ಕೆ ಇಳಿದು ಧ್ವನಿ ಕಡಿಯುತ್ತದೆ. ಹಾಗೆ ಪದೇ ಪದೇ ಒತ್ತುವುದರಿಂದ ಪಿನ್ನಿಗೇ ಹಾನಿಯಾಗಬಹುದು.

ಲಕ್ಷಣಗಳನ್ನು ಗಮನಿಸಿದರೆ ಕಾರಣದ ಕಡೆಗೆ ದಾರಿ ಸಿಗುತ್ತದೆ. ಗುಂಡಿ ಬಿಟ್ಟಾಗ ಧ್ವನಿ ಮರಳಿದರೆ ತಂತಿಯ ಸ್ಥಾನವನ್ನು ಮೊದಲು ಶಂಕಿಸಬೇಕು. ಗುಂಡಿ ಬಿಟ್ಟರೂ ಮರಳದೆ, ಗಣಕವನ್ನು ಪುನಃ ಆರಂಭಿಸಿದಾಗ ಮಾತ್ರ ಬಂದರೆ, ಗುಂಡಿಯ ಪ್ರೋಗ್ರಾಂ ಕಾರ್ಡಿನ ಪಿನ್ನನ್ನು ತನ್ನದೆಂದು ಘೋಷಿಸಿಕೊಂಡಿರುವ ಸಂಭವ ಹೆಚ್ಚು. ಇನ್ನು ಕಾರ್ಡು ಗಣಕದ ಪಟ್ಟಿಯಲ್ಲಿಯೇ ಇಲ್ಲದಿದ್ದರೆ? ಪಟ್ಟಿ ನೋಡಲು ಎ, ಪಿ, ಎಲ್, ಎ, ವೈ ಎಂಬ ಐದು ಸಣ್ಣ ಆಂಗ್ಲ ಅಕ್ಷರಗಳನ್ನು ಟೈಪು ಮಾಡಿ, ಒಂದು ಅಕ್ಷರದ ಜಾಗ ಬಿಟ್ಟು, ಅಡ್ಡಗೆರೆಯನ್ನೂ ಸಣ್ಣ ಎಲ್ ಅಕ್ಷರವನ್ನೂ ಸೇರಿಸಬೇಕು. ಕಾರ್ಡಿನ ಹೆಸರು ಬಾರದಿದ್ದರೆ ಜಿಪಿಐಒ 2 ಮತ್ತು 3ನ್ನು ಪರೀಕ್ಷಿಸಬೇಕು. ಅನೇಕ ಕಾರ್ಡುಗಳಿಗೆ ನಿಯಂತ್ರಣ ಸಂದೇಶ ಹೋಗುವುದು ಇವೆರಡರಲ್ಲಿ. ಆದರೆ ಪೈ 4ರವರೆಗಿನ ಫಲಕಗಳಲ್ಲಿ, ನಿದ್ರಿಸುತ್ತಿರುವ ಗಣಕವನ್ನು ಎಬ್ಬಿಸುವ ಗುಂಡಿಯನ್ನೂ ಜಿಪಿಐಒ 3ಕ್ಕೇ ಜೋಡಿಸುವ ರೂಢಿಯಿದೆ. ಎರಡೂ ಬೇಕೆಂದರೆ ಸಾಗದು. ಎಬ್ಬಿಸುವ ಗುಂಡಿಯನ್ನು ಬಿಟ್ಟು, ಸ್ವಿಚ್ಚಿನಿಂದಲೇ ವಿದ್ಯುತ್ ಕೊಡುವುದು ಲೇಸು.

ಕೆಲವು ಕಾರ್ಡುಗಳ ಮೇಲೆ ಮೊದಲೇ ಒಂದು ಪುಟ್ಟ ಗುಂಡಿ ಇರುತ್ತದೆ. ರೆಸ್ಪೀಕರ್ 2-ಮೈಕ್ ಕಾರ್ಡಿನಲ್ಲಿ ಅದು ಜಿಪಿಐಒ 17. ಹೊರಗಿನ ಗುಂಡಿಯನ್ನೂ ಅಲ್ಲಿಯೇ ಕೊಟ್ಟರೆ ಯಾವುದನ್ನು ಒತ್ತಿದರೂ ಗಣಕಕ್ಕೆ ಒಂದೇ.

ಮೌನವೆಲ್ಲವೂ ಘರ್ಷಣೆಯಲ್ಲ. ಟಿವಿಗೆ ಹೋಗುವ ಎಚ್‌ಡಿಎಂಐ ದಾರಿಯನ್ನೇ ಗಣಕ ಮೊದಲ ಕಾರ್ಡೆಂದು ಹಿಡಿದಿದ್ದರೆ ಸ್ಪೀಕರ್ ಸುಮ್ಮನಿರುತ್ತದೆ. ತಾಂಡೂರು ಕಲ್ಲು ಹಾಸಿದ ಬರಿಯ ಕೊಠಡಿಯಲ್ಲಿ ಶಬ್ದ ಪ್ರತಿಧ್ವನಿಸಿದರೆ ಅದೂ ಕಾರ್ಡಿನ ದೋಷವಲ್ಲ. ಪೆಟ್ಟಿಗೆಯ ಕೆಳಗೆ ದಪ್ಪ ಜಮಖಾನೆ ಹಾಸಿ ನೋಡಬಹುದು.

ಚಟುವಟಿಕೆ

ಅಂಗಳದಲ್ಲಿ ಸೀಮೆಸುಣ್ಣದಿಂದ ಎರಡು ಸಾಲುಗಳಲ್ಲಿ 40 ಚೌಕಗಳನ್ನು ಬರೆಯಿಸಬೇಕು. ಒಂದು ಸಾಲಿನಲ್ಲಿ ಬೆಸ, ಎದುರು ಸಾಲಿನಲ್ಲಿ ಸಮ ಸಂಖ್ಯೆಗಳು ಬರಲಿ. ಸ್ಥಾನಸಂಖ್ಯೆ ಮೇಲೆ, ಜಿಪಿಐಒ ಸಂಖ್ಯೆ ಕೆಳಗೆ. ಕಾರ್ಡಿನ ಕೈಪಿಡಿ ನೋಡಿ ಕಾರ್ಡು ಹಿಡಿದಿರುವ ಚೌಕಗಳಲ್ಲಿ ಮಕ್ಕಳು ನಿಲ್ಲಲಿ. ‘ಗುಂಡಿ’ಯಾಗಿ ಬರುವ ವಿದ್ಯಾರ್ಥಿ ಖಾಲಿ ಚೌಕ ಹುಡುಕಬೇಕು. (ಗುಂಡಿ ಎಂದರೆ ಅಂಗಿಯದೋ ನೆಲದ ಹಳ್ಳವೋ ಎಂದು ಮಕ್ಕಳು ನಗುವುದುಂಟು, ನಾನಾರ್ಥ ಪದಗಳ ಪಾಠಕ್ಕೆ ಇದು ಒಳ್ಳೆಯ ಪ್ರವೇಶ.) ಕೈಪಿಡಿಯಲ್ಲಿ ಜಿಪಿಐಒ 23ರ ಉಲ್ಲೇಖವಿಲ್ಲದಿದ್ದರೆ ಅದನ್ನೇ ಆರಿಸಬಹುದು. ಅದರ ಸ್ಥಾನ 16. ಪಕ್ಕದ 14 ಭೂಸಂಪರ್ಕ. ಗುಂಡಿಯ ಎರಡು ತಂತಿಗಳಿಗೆ ಈ ಎರಡೇ ಸಾಕು.

ಅನಂತರ ನಿಜವಾದ ಫಲಕ. ತಂತಿ ಮುಟ್ಟುವ ಮೊದಲು ವಿದ್ಯುತ್ ತೆಗೆಯುವುದು ಕಡ್ಡಾಯ. 2 ಮತ್ತು 4ನೆಯ ಸ್ಥಾನಗಳಲ್ಲಿ 5 ವೋಲ್ಟ್ ಇದೆ. ಸಂಕೇತ ಪಿನ್‌ಗಳು ತಾಳುವುದು 3.3 ವೋಲ್ಟ್ ಮಾತ್ರ. ಮೊದಲು ಗುಂಡಿಯಿಲ್ಲದೆ, ಅದರ ಪ್ರೋಗ್ರಾಮನ್ನೂ ನಿಲ್ಲಿಸಿ ಧ್ವನಿ ಪರೀಕ್ಷಿಸಬೇಕು. ಆಮೇಲೆ ಕಾರ್ಡು ತೆಗೆದು ಗುಂಡಿಯನ್ನು ಪರೀಕ್ಷಿಸಬೇಕು. ಬೇರೆ ಬೇರೆಯಾಗಿ ನಡೆದು, ಕೂಡಿದಾಗ ನಿಂತರೆ ವೇಳಾಪಟ್ಟಿಯನ್ನು ತಿದ್ದಬೇಕು: ತಂತಿಯ ಸ್ಥಾನವನ್ನೂ ಪ್ರೋಗ್ರಾಮಿನ ಸಂಖ್ಯೆಯನ್ನೂ ಒಟ್ಟಿಗೇ. ಒಂದನ್ನು ತಿದ್ದಿ ಇನ್ನೊಂದನ್ನು ಮರೆತರೆ ಹೊಸ ದೋಷ ಹುಟ್ಟುತ್ತದೆ.

ಅಂಗಳದ ಚಿತ್ರವನ್ನು ಮಕ್ಕಳೇ ಒಂದು ಹಾಳೆಗೆ ಇಳಿಸಿ, ಪ್ರತಿ ಪಿನ್ನಿನ ಒಡೆಯನನ್ನು ಕನ್ನಡದಲ್ಲಿ ಬರೆದು, ದಿನಾಂಕ ಹಾಕಿ, ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಲಿ. ಪೆಟ್ಟಿಗೆ ಕಟ್ಟಿಸಿದ ಅಧ್ಯಾಪಕರಿಗೆ ವರ್ಗಾವಣೆಯಾದರೂ ಮುಂದೆ ಬರುವವರು ಆ ಹಾಳೆಯಿಂದಲೇ ಕೆಲಸ ಆರಂಭಿಸಬಹುದು.