ಸ್ವಂತ ಚಿಪ್: ಲಾಭ-ನಷ್ಟದ ಲೆಕ್ಕ

ವಿದ್ಯುನ್ಮಾನ ಹವ್ಯಾಸಿಯೊಬ್ಬನ ಮೇಜಿನ ಮೇಲೆ ಹುಟ್ಟಿದ ಮಾದರಿಯು ಮಾರುಕಟ್ಟೆಗೆ ಬರುವ ಹಂತದಲ್ಲಿ, ಅದಕ್ಕೆ ಸ್ವಂತ ಚಿಪ್ ಮಾಡಿಸಬೇಕೆ ಎಂಬ ಪ್ರಶ್ನೆ ಏಳುತ್ತದೆ. ಇದು ತಾಂತ್ರಿಕವೆಂದು ಕಂಡರೂ ಮೂಲತಃ ಸ್ಥಿರ ವೆಚ್ಚ ಹಾಗೂ ಚರ ವೆಚ್ಚಗಳ ಪ್ರಶ್ನೆ.

ತಾಪಮಾನ ಅಳೆಯುವಂತಹ ಸರಳ ಕೆಲಸಕ್ಕೆ ಮೈಕ್ರೋಕಂಟ್ರೋಲರ್ ಸಾಕು. ಅಲ್ಲಿಗೆ ಚರ್ಚೆಯೇ ಮುಗಿಯಿತು. ಹಲವು ಸಂಕೇತಗಳನ್ನು ಏಕಕಾಲದಲ್ಲಿ, ಅತಿ ವೇಗವಾಗಿ ನಿರ್ವಹಿಸಬೇಕಾದಲ್ಲಿ ಎಫ್‌ಪಿಜಿಎ ಉಪಯುಕ್ತ. ಇದರ ಒಳಜೋಡಣೆಯನ್ನು ಬಳಕೆದಾರನೇ ಬರೆಯಬಹುದು, ತಪ್ಪಾದರೆ ಅಳಿಸಿ ಮತ್ತೆ ಬರೆಯಬಹುದು. ಝೈಲಿಂಕ್ಸ್ 1985ರಲ್ಲಿ ತಂದ ಮೊದಲ ಎಫ್‌ಪಿಜಿಎಯಲ್ಲಿ ಇದ್ದದ್ದು 64 ತರ್ಕಘಟಕಗಳು. ಇಂದು ಸಾವಿರಾರು ಘಟಕಗಳ ಚಿಪ್ ಹವ್ಯಾಸಿಗೂ ಎಟಕುತ್ತದೆ. ಲ್ಯಾಟಿಸ್‌ನ ಐಸ್40 ಸಾಲಿಗೆ 2015ರಿಂದ ಮುಕ್ತ ತಂತ್ರಾಂಶವೂ ಉಂಟು.

ಸ್ವಂತ ಚಿಪ್ಪಿನದು ಪ್ಲಾಸ್ಟಿಕ್ ಮೋಲ್ಡಿಂಗ್‌ಗೆ ಡೈ ಮಾಡಿಸಿದಂತಹ ವ್ಯವಹಾರ. ವಿನ್ಯಾಸ, ಮಾಸ್ಕ್, ಪರೀಕ್ಷೆಗಳ ಹಣವನ್ನು ಮೊದಲೇ ತೆರಬೇಕು. ಉದಾಹರಣೆಗೆ, ಈ ಸ್ಥಿರ ವೆಚ್ಚ 45 ಲಕ್ಷ ರೂ., ಎಫ್‌ಪಿಜಿಎ ಬೆಲೆ 600 ರೂ., ಸ್ವಂತ ಚಿಪ್ಪಿನ ಬೆಲೆ 150 ರೂ. ಎಂದಿಟ್ಟುಕೊಳ್ಳೋಣ. ಪ್ರತಿ ಚಿಪ್ಪಿಗೆ ಉಳಿತಾಯ 450 ರೂ.; ಹಾಕಿದ ಹಣ ಮರಳಲು 10,000 ಉಪಕರಣಗಳು ಮಾರಾಟವಾಗಬೇಕು. ವರ್ಷಕ್ಕೆ 2,000 ಮಾರುವ ಘಟಕಕ್ಕೆ ಅದು ಐದು ವರ್ಷ. ಸಾಲದ ಹಣವಾದರೆ ಅಷ್ಟರಲ್ಲೂ ಆಗದು: ಮೊದಲ ವರ್ಷದ ಉಳಿತಾಯ 9 ಲಕ್ಷವಾದರೆ, ಶೇ. 12ರಂತೆ ಬಡ್ಡಿಯೇ 5.40 ಲಕ್ಷ. ವಿನ್ಯಾಸದಲ್ಲಿ ಒಂದು ದೋಷ ಉಳಿದರೂ ಮಾಸ್ಕಿಗೆ ಮತ್ತೆ ಹಣ ಕಟ್ಟಬೇಕು. ಉತ್ಸಾಹಿಗಳು ಕಡೆಗಣಿಸುವುದು ಈ ಬಾಬತ್ತನ್ನೇ.

ಹಲವರು ಒಂದೇ ಚಿಪ್ಪನ್ನು ಹಂಚಿಕೊಳ್ಳುವ ಟೈನಿ ಟೇಪ್‌ಔಟ್ ಯೋಜನೆ 2022ರಲ್ಲಿ ಆರಂಭವಾಯಿತು. ಕಲಿಕೆಗೆ ಇದು ಉತ್ತಮ, ವ್ಯಾಪಾರಕ್ಕೆ ಸಾಲದು. ಅದಕ್ಕೆ ಚಿಪ್ ಮಾಡಿಸಿಕೊಡುತ್ತಿದ್ದ ಎಫ್ಯಾಬ್ಲೆಸ್ ಸಂಸ್ಥೆ 2025ರಲ್ಲಿ ಬಾಗಿಲು ಮುಚ್ಚಿದ್ದನ್ನು ಮರೆಯಬಾರದು.

ಹಾಗೆಂದು ಸಿದ್ಧ ಚಿಪ್ ನಿರಾತಂಕವೇನಲ್ಲ. ಝೈಲಿಂಕ್ಸನ್ನು 2022ರಲ್ಲಿ ಕೊಂಡ ಎಎಂಡಿ, ಎಕ್ಸ್‌ಸಿ9500ಎಕ್ಸ್‌ಎಲ್ ಮತ್ತು ಕೂಲ್‌ರನ್ನರ್ ಸಾಲುಗಳನ್ನು 2024ರಲ್ಲಿ ಕೈಬಿಟ್ಟಿತು. ಅವನ್ನೇ ನಂಬಿದ್ದ ತಯಾರಕರ ಮುಂದೆ ಉಳಿದದ್ದು ಎರಡೇ ದಾರಿ: ಹಲವು ವರ್ಷಗಳ ದಾಸ್ತಾನನ್ನು ಒಮ್ಮೆಲೇ ಕೊಂಡು ಬಂಡವಾಳವನ್ನು ಕಟ್ಟಿಹಾಕುವುದು, ಇಲ್ಲವೇ ಬೋರ್ಡನ್ನೇ ಮರುವಿನ್ಯಾಸಗೊಳಿಸುವುದು.

ಸ್ವಂತ ಚಿಪ್ಪಿನ ವಿನ್ಯಾಸವು ಹೊಸದಾಗಿದ್ದಲ್ಲಿ ಅದನ್ನು 2000ದ ವಿನ್ಯಾಸ-ರಚನೆ ಕಾಯ್ದೆಯಡಿ ನೋಂದಾಯಿಸಿ ಹತ್ತು ವರ್ಷ ರಕ್ಷಣೆ ಪಡೆಯಬಹುದು. ಲೆಕ್ಕದ ಪುಸ್ತಕದಲ್ಲಿ ಮಾತ್ರ ಎಚ್ಚರಿಕೆ ಅಗತ್ಯ: ಲೆಕ್ಕ ಮಾನಕ 26ರಂತೆ ಸಂಶೋಧನಾ ಹಂತದ ವೆಚ್ಚ ಆಯಾ ವರ್ಷದ ಲಾಭ-ನಷ್ಟ ಖಾತೆಗೇ ಸೇರುತ್ತದೆ; ಅಭಿವೃದ್ಧಿ ಹಂತದ ವೆಚ್ಚವೂ ನಿಗದಿತ ಷರತ್ತುಗಳು ಪೂರೈಸಿದಲ್ಲಿ ಮಾತ್ರ ಅಮೂರ್ತ ಆಸ್ತಿಯಾಗುತ್ತದೆ.